ನೆಟ್ಟಗೆ ಒಣಗಿದ ಹುಲ್ಲು

ಲಾರಿಯ ಬಲಗನ್ನಡಿಯಲ್ಲಿ ಮೊದಲು ಬೇಲಿ ಕಂಡಿತು, ಆಮೇಲೆ ಕಿತ್ತು ಒರಗಿಸಿಟ್ಟ ಗೇಟು, ಆಮೇಲೆ ಹುಲ್ಲಕ್ಕ. ಡ್ರೈವರ್ ಬ್ರೇಕ್ ಒತ್ತಿದ. ಹಿಂದೆ ತುಂಬಿದ್ದ ಮಣ್ಣು ಒಮ್ಮೆ ಗುಡುಗಿ ಸುಮ್ಮನಾಯಿತು.

"ಪಕ್ಕಕ್ಕೆ ಬನ್ನಿ ಅಕ್ಕಾ!" ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. "ರಿವರ್ಸ್ ತಗೋತಾ ಇದೀನಿ, ಕಾಣಲ್ವಾ?"

"ಕಾಣತ್ತೆ. ಅದಕ್ಕೇ ನಿಂತಿರೋದು," ಅಂದಳು ಹುಲ್ಲಕ್ಕ.

ಕೈಯಲ್ಲಿ ಅವಳಿಗಿಂತ ಉದ್ದದ ಒಂದು ಕಬ್ಬಿಣದ ಸಲಾಕೆ ಇತ್ತು. ಮಂಡಿಯವರೆಗೆ ರಬ್ಬರ್ ಬೂಟು, ಬೂಟಿಗೆಲ್ಲ ಪಕ್ಕದ ಮನೆಯ ಹಸಿ ಹುಲ್ಲಿನ ಚೂರು. ಪಕ್ಕದ ಮನೆಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಬೇಲಿ ನುಸುಳಿ ಬಂದಿದ್ದಳೆಂಬುದು ನೋಡಿದರೇ ತಿಳಿಯುತ್ತಿತ್ತು.

ಡ್ರೈವರ್‌ಗೆ ಮೈ ಉರಿದುಹೋಯಿತು. ಇಪ್ಪತ್ತಾರು ವರ್ಷ ಸಿಟಿ ಬಸ್ ಓಡಿಸಿದವನು ಅವನು. ಡಿಪೋದಲ್ಲಿ ಎರಡು ಬಸ್ಸುಗಳ ನಡುವೆ ಒಂದು ಗೇಣು ಜಾಗ ಬಿಟ್ಟು ಮೂರನೆಯದನ್ನು ಹಿಂದಕ್ಕೆ ತಂದು ನಿಲ್ಲಿಸುವುದನ್ನು ನೋಡಲು ಹೊಸಬರು ಟೀ ಲೋಟ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಅಂಥವನು ಗೆಳೆಯನ ಲಾರಿ ಕೇಳಿ ತಂದು, ಭಾನುವಾರದ ರಜೆ ಕಳೆದುಕೊಂಡು, ತನ್ನದೇ ಮನೆಯ ಹಿತ್ತಲಿಗೆ ಮಣ್ಣು ಇಳಿಸಲು ಬಂದರೆ ಹುಲ್ಲು ಕತ್ತರಿಸುವ ಹೆಂಗಸು ಅಡ್ಡ ನಿಲ್ಲುವುದೇ? ಅದೂ ಬೇಲಿಯಾಚೆಯಿಂದ ನಿವೃತ್ತ ಪೋಸ್ಟ್ ಮಾಸ್ಟರು ಕತ್ತು ಉದ್ದ ಮಾಡಿಕೊಂಡು ನೋಡುತ್ತಿರುವಾಗ!

ಅವಳಿಗೆ ಆ ಹೆಸರಿಟ್ಟದ್ದು ಬೀದಿಯ ಜನ. ಆ ಬೀದಿಯಲ್ಲಿ ಮನೆಗೊಂದು ಅಂಗಳ, ಅಂಗಳಕ್ಕೊಂದು ಹುಲ್ಲುಹಾಸು. ಅವುಗಳಲ್ಲಿ ಮುಕ್ಕಾಲು ಪಾಲು ಅವಳ ಕೈಕೆಳಗೇ ಬೆಳೆದವು. ಬೇಸಿಗೆಯಲ್ಲಿ ಹುಲ್ಲನ್ನು ಉದ್ದ ಬಿಡುವುದು, ಮಳೆಗೆ ಮುಂಚೆ ಗಟ್ಟಿಯಾದ ನೆಲಕ್ಕೆ ಸಲಾಕೆಯಿಂದ ಚುಚ್ಚಿ ಚುಚ್ಚಿ ಗಾಳಿಯಾಡಿಸುವುದು, ಮಳೆ ನಿಂತ ಮೇಲೆ ಬೋಳು ಬಿದ್ದಲ್ಲಿ ಬೀಜ ಚೆಲ್ಲುವುದು, ಚಳಿ ಬರುವ ಹೊತ್ತಿಗೆ ಉದುರಿದ ಎಲೆಯನ್ನೆಲ್ಲ ಬಾಚಿ ಗೊಬ್ಬರದ ಗುಂಡಿಗೆ ತಳ್ಳುವುದು. ವರ್ಷವಿಡೀ ಒಂದಲ್ಲ ಒಂದು ಮನೆಯ ಹಿಂದೆ ಅವಳು ಬಗ್ಗಿಯೇ ಇರುತ್ತಿದ್ದಳು. ನೆಟ್ಟಗೆ ನಿಂತಾಗ ಎಷ್ಟು ಎತ್ತರ ಇದ್ದಾಳೆಂದು ಬೀದಿಯಲ್ಲಿ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ.

ಡ್ರೈವರ್‌ಗೂ ಅವಳಿಗೂ ಮೊದಲ ಭೇಟಿಯೇ ಸರಿಯಾಗಿರಲಿಲ್ಲ. ಬಾಡಿಗೆ ಮನೆಗಳಲ್ಲೇ ಕೂದಲು ನರೆಸಿಕೊಂಡವನು ಎರಡು ವರ್ಷದ ಹಿಂದೆ ಈ ಹಳೆಯ ಮನೆ ಕೊಂಡಾಗ, ಹಿತ್ತಲಿನ ಹುಲ್ಲು ಕಂಡು ಹುರುಪೆದ್ದು, ಮಷೀನು ತಂದು, ಸುಡು ಬೇಸಿಗೆಯಲ್ಲಿ ಬುಡಕ್ಕೇ ಹಿಡಿದು ಹೆರೆದುಬಿಟ್ಟಿದ್ದ. ಹತ್ತೇ ದಿನಕ್ಕೆ ಹಿತ್ತಲು ಹಳೆಯ ಗೋಣಿಚೀಲದ ಬಣ್ಣಕ್ಕೆ ತಿರುಗಿತು. ಆಗ ಅವನ ತಾಯಿಯೇ ದಾರಿಯಲ್ಲಿ ಹೋಗುತ್ತಿದ್ದ ಹುಲ್ಲಕ್ಕನನ್ನು ಕರೆದಿದ್ದರು. ಅವಳು ಬಂದು, ಕೂತು, ಒಂದು ಹಿಡಿ ಕಿತ್ತು ಬೇರು ನೋಡಿ, "ಯಾರು ದೊಡ್ಡಮ್ಮ, ಇದಕ್ಕೆ ಕ್ಷೌರ ಮಾಡಿದ್ದು?" ಎಂದು ಕೇಳಿದಾಗ ತಾಯಿ ಮುಚ್ಚುಮರೆಯಿಲ್ಲದೆ ಮಗನ ಕಡೆ ಬೆರಳು ತೋರಿಸಿದ್ದರು.

ಎರಡು ಮಳೆಗಾಲ ಕಳೆಯುವುದರೊಳಗೆ ಹಿತ್ತಲು ಕಣ್ಣಿಗೆ ತಂಪಾಗುವಷ್ಟು ಹಸಿರಾಯಿತು. ಒಂದು ಕಡೆ ಬಿಟ್ಟು. ಅಡಿಗೆಮನೆಯ ಬಾಗಿಲಿನಿಂದ ಹತ್ತು ಹೆಜ್ಜೆಯಲ್ಲಿ, ಒಂದು ಮಂಚದಷ್ಟು ಜಾಗ ಮಾತ್ರ ಏನು ಮಾಡಿದರೂ ಒಪ್ಪಲಿಲ್ಲ. ಮಳೆಯಲ್ಲಿ ಚಿಗುರಿದಂತೆ ಮಾಡಿ, ನಾಲ್ಕು ದಿನ ಬಿಸಿಲು ಬಿದ್ದರೆ ಎಲ್ಲಕ್ಕಿಂತ ಮೊದಲು ಒಣಗಿ ನಿಲ್ಲುತ್ತಿತ್ತು. ತಾಯಿ ದಿನವೂ ಬೆಳಗಿನ ಎಳೆಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದದ್ದು ಅಲ್ಲೇ. "ಇದ್ದಬದ್ದ ಹುಲ್ಲೆಲ್ಲ ನಿನ್ನ ಕುರ್ಚಿ ಕೆಳಗೇ ಸಾಯತ್ತೆ ನೋಡು," ಎಂದು ಅವನು ರೇಗಿಸಿದರೆ, "ಎಂಬತ್ತು ತುಂಬಿದೋಳ ಭಾರ ಎಷ್ಟಿರತ್ತೋ, ಹೋಗೋ," ಅನ್ನುತ್ತಿದ್ದರು.

ಮೂರು ದಿನದ ಹಿಂದೆ ಹುಲ್ಲಕ್ಕ ಬಂದಾಗಲೂ ತಾಯಿ ಅಲ್ಲಿಯೇ ಕೂತಿದ್ದರಂತೆ. ಹಿಂದಿನ ದಿನ ಜೋರು ಮಳೆ. "ಕಾಲಿಟ್ಟಲ್ಲೆಲ್ಲ ಪಚಪಚ ಅನ್ನತ್ತಲ್ಲ ದೊಡ್ಡಮ್ಮ, ಒಳಗೆ ಕೂರಬಾರ್ದಾ?" ಅಂದಿದ್ದಕ್ಕೆ, "ಇಲ್ಲೊಂದು ಕಡೆ ನೀರೇ ನಿಲ್ಲಲ್ಲ ಕಣೆ. ಕುರ್ಚಿ ಕಾಲೂ ಹೂತ್ಕೊಳಲ್ಲ," ಎಂದು ತಾಯಿ ಹೆಮ್ಮೆಯಿಂದ ಹೇಳಿದರಂತೆ. ಹುಲ್ಲಕ್ಕ ಬಗ್ಗಿ ಕುರ್ಚಿಯ ಕಾಲು ನೋಡಿದಳಂತೆ. ಆ ಜಾಗದ ಸುತ್ತ ಎರಡು ಸಲ ನಡೆದು, ತಾಯಿಯ ಕೈ ಹಿಡಿದು ಎಬ್ಬಿಸಿ, ಕುರ್ಚಿಯನ್ನು ಜಗಲಿಗೆ ಸಾಗಿಸಿ, "ನಾನು ಭಾನುವಾರ ಬಂದು ನೋಡೋವರೆಗೂ ಯಾರೂ ಅಲ್ಲಿ ಕಾಲಿಡಬೇಡಿ," ಎಂದು ಹೇಳಿ ಹೋದಳಂತೆ.

ಇದನ್ನು ಕೇಳಿ ಡ್ರೈವರ್ ನಕ್ಕಿದ್ದ. ಒಂದು ಲೋಡು ಮಣ್ಣು ಸುರಿದು, ಮೇಲೆ ಚಾಪೆಯ ಹಾಗೆ ಸುರುಳಿ ಬರುವ ರೆಡಿಮೇಡ್ ಹುಲ್ಲು ಹಾಸಿಬಿಟ್ಟರೆ ಆಯಿತು, ಇದಕ್ಕೆಲ್ಲ ಇಷ್ಟೊಂದು ಪಂಚಾಯಿತಿ ಯಾಕೆ ಎಂದುಕೊಂಡು ಇವತ್ತು ಲಾರಿ ತಂದಿದ್ದ.

"ಏನಿದೆ ಅಲ್ಲಿ, ನಿಧೀನಾ?" ಪೋಸ್ಟ್ ಮಾಸ್ಟರು ಬೇಲಿಯ ಮೇಲಿಂದ ಕೇಳಿದರು.

"ಏನಿದೆ ಅಂತ ಗೊತ್ತಿಲ್ಲ ಸ್ವಾಮಿ. ಏನೂ ಇಲ್ಲದೆಯೂ ಇರಬಹುದು," ಅಂದಳು ಹುಲ್ಲಕ್ಕ. ಆಮೇಲೆ ಲಾರಿಯ ಕಡೆ ತಿರುಗಿ, "ಡ್ರೈವರಣ್ಣ, ಅರ್ಧ ಗಂಟೆ ಕೊಡಿ. ಏನೂ ಸಿಗಲಿಲ್ಲ ಅಂದ್ರೆ ಈ ಮಣ್ಣಷ್ಟನ್ನೂ ನಾನೊಬ್ಬಳೇ ಹರಡಿಕೊಡ್ತೀನಿ," ಅಂದಳು.

ಅವಳ ದನಿಯಲ್ಲಿ ಜಗಳವಿರಲಿಲ್ಲ. ಅದರಲ್ಲಿದ್ದದ್ದೇನೆಂದು ಡ್ರೈವರ್‌ಗೆ ಕೂಡಲೇ ಹೊಳೆಯಲಿಲ್ಲ. ಹೊಳೆದಾಗ ಕೈ ತಾನಾಗಿ ಕೀಲಿಯ ಮೇಲೆ ಹೋಯಿತು. ಹನ್ನೆರಡು ವರ್ಷದ ಹಿಂದೆ ಒಂದು ಬೆಳಗ್ಗೆ ಅವನು ಬಸ್ ಹೊರಗೆ ತೆಗೆಯಲು ಒಪ್ಪಿರಲಿಲ್ಲ. ಬ್ರೇಕ್ ಹಿಡಿಯುತ್ತಿತ್ತು, ಆದರೆ ಪೆಡಲ್ ಕಾಲಿಗೆ ಎಂದಿನಂತೆ ಸಿಗುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೂ ಬರುತ್ತಿರಲಿಲ್ಲ. ಸೂಪರ್‌ವೈಸರ್ ಎಲ್ಲರೆದುರು ಬಾಯಿಗೆ ಬಂದಂತೆ ಬೈದಿದ್ದ, ಮೆಕ್ಯಾನಿಕ್ ಎರಡು ಸಲ ನೋಡಿ ಏನೂ ಇಲ್ಲವೆಂದಿದ್ದ. ಮೂರನೇ ಸಲ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತ್ತು. ಆ ಮೂರನೇ ಸಲಕ್ಕೆ ಮುಂಚೆ ಡಿಪೋದ ಅಂಗಳದಲ್ಲಿ ತಾನು ಹೇಗೆ ನಿಂತಿದ್ದನೋ, ಹುಲ್ಲಕ್ಕ ಈಗ ಹಾಗೆಯೇ ನಿಂತಿದ್ದಳು. ತಪ್ಪಾದರೆ ಇಡೀ ಬೀದಿ ನಗುತ್ತದೆಂದು ಗೊತ್ತಿದ್ದೂ.

ಅವನು ಎಂಜಿನ್ ಆರಿಸಿ ಇಳಿದ.

"ಏಣಿ ಇದೆಯಾ?" ಎಂದು ಕೇಳಿದಳು ಹುಲ್ಲಕ್ಕ.

"ಸಲಾಕೆ ಚುಚ್ಚೋಕೆ ಏಣಿ ಯಾಕೆ?"

"ತನ್ನಿ, ಹೇಳ್ತೀನಿ."

ಅವನ ಹೆಂಡತಿ ಒಳಗಿನಿಂದ ಬಿದಿರಿನ ಉದ್ದ ಏಣಿಯ ಒಂದು ತುದಿ ಹಿಡಿದು ಎಳೆದುಕೊಂಡು ಬಂದಳು. ಹುಲ್ಲಕ್ಕ ಅದನ್ನು ಒಣಗಿದ ಜಾಗದ ಮೇಲೆ ಅಡ್ಡಲಾಗಿ, ಎರಡೂ ತುದಿ ಹಸಿರು ಹುಲ್ಲಿನ ಮೇಲೆ ಕೂರುವಂತೆ ಮಲಗಿಸಿದಳು. ಗಂಡಹೆಂಡಿರನ್ನು ಆಚೆ ಈಚೆ ತುದಿಗೆ ನಿಲ್ಲಿಸಿ, "ಈ ಗೆರೆ ದಾಟಬೇಡಿ," ಅಂದಳು.

"ಯಾವ ಗೆರೆ?"

"ನೋಡಿ ಸರಿಯಾಗಿ."

ಡ್ರೈವರ್ ನೋಡಿದ. ಎರಡು ವರ್ಷದಿಂದ ದಿನಾ ನೋಡಿದ್ದ ಜಾಗ. ಒಣಹುಲ್ಲು ಮುಗಿದು ಹಸಿಹುಲ್ಲು ಶುರುವಾಗುವ ಅಂಚು ದರ್ಜಿ ಸೀಮೆಸುಣ್ಣದಲ್ಲಿ ಗೀರಿದಷ್ಟು ನೆಟ್ಟಗಿತ್ತು. ಮೂಲೆಗೆ ಹೋಗಿ ಚೌಕಾಕಾರವಾಗಿ ತಿರುಗಿತ್ತು.

"ಹುಳ ತಿಂದ್ರೆ ಹರಕು ಬಟ್ಟೆ ಥರ ಇರತ್ತೆ. ರೋಗ ಬಂದ್ರೆ ಗುಂಡಗೆ ಹರಡತ್ತೆ," ಎನ್ನುತ್ತ ಹುಲ್ಲಕ್ಕ ಏಣಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಮುಂದಕ್ಕೆ ತೆವಳಿದಳು. "ಹುಲ್ಲು ತಾನಾಗಿ ಯಾವತ್ತೂ ಮೂಲೆ ಮಾಡ್ಕೊಂಡು ಸಾಯಲ್ಲ ಅಣ್ಣ. ಮೂಲೆ ಮಾಡೋನು ಮನುಷ್ಯ."

ಸಲಾಕೆ ಮೊಳದಷ್ಟು ಇಳಿದು ಠಣ್ ಎಂದು ನಿಂತಿತು. ಕಿತ್ತು ಇನ್ನೊಂದು ಕಡೆ ಚುಚ್ಚಿದಳು. ಅಲ್ಲೂ ಮೊಳಕ್ಕೇ ಠಣ್.

"ಹಳೇ ಗಾರೆ ನೆಲ ಕಣ್ರೀ ಅದು," ಪೋಸ್ಟ್ ಮಾಸ್ಟರು ತೀರ್ಪು ಕೊಟ್ಟರು. "ಹಿಂದೆ ಇಲ್ಲಿ ಬಟ್ಟೆ ಒಗೀತಿದ್ರೋ ಏನೋ. ಇಷ್ಟಕ್ಕೆ ಇಷ್ಟು ರಾದ್ಧಾಂತ!"

ಡ್ರೈವರ್‌ಗೆ ಅವಳ ಪರವಾಗಿ ತನಗೇ ನಾಚಿಕೆಯಾದಂತಾಯಿತು. "ಸಾಕು ಬಿಡಿ ಅಕ್ಕ, ಎದ್ದೇಳಿ. ಮಣ್ಣು ನಾವೇ ಹರಡ್ಕೋತೀವಿ," ಅಂದ. ಹುಲ್ಲಕ್ಕ ಕೇಳಿಸಿಕೊಂಡಂತೆ ಕಾಣಲಿಲ್ಲ. ಕಿವಿ ನೆಲದ ಹತ್ತಿರ ತಂದು ಸಲಾಕೆಯಿಂದ ಮೆಲ್ಲಗೆ ತಟ್ಟುತ್ತ, ಒಂದೊಂದೇ ಮೆಟ್ಟಿಲು ತೆವಳುತ್ತ ನಟ್ಟನಡುವೆ ಬಂದಳು. "ಸುತ್ತಿಗೆ ಕೊಡಮ್ಮ," ಎಂದು ಕೈ ಚಾಚಿದಳು. ಹೆಂಡತಿ ಒಳಗಿನಿಂದ ತಂದು ಕೊಟ್ಟಳು. ಏಣಿಯ ಮೇಲೆ ಮಂಡಿಯೂರಿ ಎದ್ದು, ಸಲಾಕೆ ನೆಟ್ಟಗೆ ಹಿಡಿದು ಒಂದು ಏಟು ಹಾಕಿದಳು. ಎರಡನೆಯ ಏಟು.

ಮೂರನೆಯ ಏಟಿಗೆ ಸಲಾಕೆ ಅವಳ ಕೈಯಿಂದ ಜಾರಿತು. ಬೀಳಲಿಲ್ಲ, ನೆಲ ಅದನ್ನು ನುಂಗಿತು. ಆಳುದ್ದದ ಕಬ್ಬಿಣ ಕಣ್ಣೆದುರಿಗೇ ಮಾಯವಾಗಿ, ಅಲ್ಲಿ ಕಾಸಗಲದ ಒಂದು ಕಪ್ಪು ತೂತು ಮಾತ್ರ ಉಳಿಯಿತು. ಮರುಕ್ಷಣ ಎಲ್ಲೋ ಕೆಳಗೆ ನೀರು ಗುಳುಂ ಅಂದಿತು.

ಅಡಿಗೆಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದರು. ಡ್ರೈವರ್ ತಿರುಗಿ ಅವರನ್ನು ನೋಡಿದ. ಜಗಲಿಯ ಮೇಲಿದ್ದ ಕುರ್ಚಿಯನ್ನು ನೋಡಿದ. ಗೇಟಿನಲ್ಲಿ ಹಿಂಭಾಗ ತೂರಿಸಿಕೊಂಡು ನಿಂತಿದ್ದ ಲಾರಿಯನ್ನು ನೋಡಿದ. ಹುಲ್ಲಿನ ಮೇಲೆ ಕೂತುಬಿಟ್ಟ. ಪೋಸ್ಟ್ ಮಾಸ್ಟರು ಬೇಲಿಯಾಚೆ ತಮ್ಮ ಮನೆಯ ಕಡೆ ಓಡಿದ ಸದ್ದು ಕೇಳಿಸಿತು. ಮರುಗಳಿಗೆ ಅವರು ಒಂದು ದಪ್ಪ ಹಗ್ಗ ಹಿಡಿದುಕೊಂಡು ಗೇಟಿನಿಂದ ಓಡಿಬಂದರು. "ಮೊದಲು ಆಕೆಯ ಸೊಂಟಕ್ಕೆ ಇದನ್ನ ಕಟ್ರೀ!" ಎಂದು ಕೂಗಿದರು.

ಮರುದಿನ ನಗರಸಭೆಯವರು ಬಂದು ಬಿಚ್ಚಿಸಿದಾಗ ಕಂಡದ್ದು ಇಟ್ಟಿಗೆ ಕಟ್ಟಿದ ಹಳೆಯ ನೀರಿನ ತೊಟ್ಟಿ, ಎರಡಾಳು ಆಳ. ಯಾವ ಕಾಲದಲ್ಲೋ ಯಾರೋ ಮರದ ಹಲಗೆ ಜೋಡಿಸಿ, ಮೇಲೆ ತಗಡು ಹೊದಿಸಿ, ಮಣ್ಣೆಳೆದು, ಹುಲ್ಲು ಬೆಳೆಸಿ ಕೈತೊಳೆದುಕೊಂಡಿದ್ದರು. ಅಂಚಿನ ಹಲಗೆಗಳು ಇನ್ನೂ ಗಟ್ಟಿಯಿದ್ದವು. ನಡುವಿನವು ಬೆರಳಿಂದ ಒತ್ತಿದರೆ ಬ್ರೆಡ್ಡಿನ ಹಾಗೆ ಪುಡಿಯಾಗುತ್ತಿದ್ದವು. ತಗಡು ತುಕ್ಕು ಹಿಡಿದು ಅಲ್ಲಲ್ಲಿ ಬಿರುಕು ಬಿಟ್ಟಿತ್ತು; ಸುರಿದ ಮಳೆನೀರೆಲ್ಲ ಆ ಸಂದುಗಳಿಂದಲೇ ಕೆಳಗಿಳಿದು ಹೋಗುತ್ತಿತ್ತು.

ಡ್ರೈವರ್ ಒಂದು ವಾರ ರಜೆ ಹಾಕಿದ. ಲಾರಿ ರಸ್ತೆಯಲ್ಲೇ ನಿಂತಿತು. ಮಣ್ಣು ತಳ್ಳುಗಾಡಿಯಲ್ಲಿ ಒಳಗೆ ಬಂತು. ಕೆಳಗೆ ಕಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಮಣ್ಣು. ಹುಲ್ಲಕ್ಕ ಅಂಚಿನಲ್ಲಿ ಕೂತು, ಪ್ರತಿ ಗೇಣು ಮಣ್ಣಿಗೂ ಅವನ ಕೈಗೆ ದಿಮ್ಮಸು ಕೊಟ್ಟು ಕುಟ್ಟಿಸಿದಳು. ಅವನು ಬೆವರೊರೆಸಿಕೊಂಡು "ಸಾಕಲ್ವಾ?" ಅಂದರೆ, ಇಳಿದು ಹಿಮ್ಮಡಿಯಿಂದ ಒತ್ತಿ ನೋಡಿ, "ಇನ್ನೊಂದು ಸುತ್ತು," ಅನ್ನುವಳು. ಬಸ್ಸಿನ ಸ್ಟೇರಿಂಗ್ ಹಿಡಿದು ಗಟ್ಟಿಯಾಗಿದ್ದ ಅಂಗೈಯಲ್ಲಿ ಮೂರನೇ ದಿನಕ್ಕೆ ಗುಳ್ಳೆ ಎದ್ದವು. ಅವನು ಬಟ್ಟೆ ಸುತ್ತಿಕೊಂಡು ಕುಟ್ಟಿದ.

ಕೊನೆಯ ದಿನ ಅವಳು ನೆಲ ಬಾಚಿ ನುಣುಪು ಮಾಡಿ, ಬೀಜವನ್ನು ಮರಳಿನ ಜೊತೆ ಕಲಸಿ ಎರಚಿದಳು. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ, ಕೈ ಬೀಸಿದಷ್ಟೇ ದೂರ, ಒಂದು ಕಾಳು ಹೆಚ್ಚಿಲ್ಲ ಕಮ್ಮಿಯಿಲ್ಲ. ರಿವರ್ಸ್ ಎಂದರೆ ಇದು, ಎಂದುಕೊಂಡ ಡ್ರೈವರ್.

ಕೆಲಸ ಮುಗಿದು ಜಗಲಿಯಲ್ಲಿ ಟೀ ಕುಡಿಯುವಾಗ ಅವನು ಹುಲ್ಲಕ್ಕನ ಕಡೆ ತಿರುಗಿದ. "ಅಕ್ಕ, ನೀವಿಲ್ಲದಿದ್ರೆ ನಮ್ಮಮ್ಮ..."

"ಹಾಗನ್ನಬೇಡಿ," ಹುಲ್ಲಕ್ಕ ಲೋಟ ಕೆಳಗಿಟ್ಟಳು. "ಹೋದ ವರ್ಷ ನಾನು ಅಲ್ಲಿಗೆ ಎರಡು ಸಲ ಹುಳದ ಔಷಧಿ ಹೊಡೆದೆ. ಎರಡು ಸಲ ಬೀಜ ಹಾಕಿದೆ. ಎದುರಿಗೇ ಇತ್ತು ಗೆರೆ, ನನ್ನ ಕಣ್ಣಿಗೆ ಕಾಣಲಿಲ್ಲ. ಅಷ್ಟು ದಿನವೂ ದೊಡ್ಡಮ್ಮ ಅಲ್ಲೇ ಕೂತಿದ್ರು. ಅದನ್ನ ನೆನೆಸಿಕೊಂಡ್ರೆ ಈಗಲೂ ಕೈ ತಣ್ಣಗಾಗತ್ತೆ."

ತಾಯಿ ಅವಳ ಆ ಮಣ್ಣು ಮೆತ್ತಿದ ಕೈಯನ್ನು ಎಳೆದು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು. "ತಣ್ಣಗೇನಿಲ್ಲ. ಬೆಚ್ಚಗಿದೆ," ಅಂದರು.

ಮಳೆ ಕಳೆದು ಚಳಿ ಹಿಡಿಯುವ ಹೊತ್ತಿಗೆ ಡ್ರೈವರ್‌ನ ರೂಟ್ ಬದಲಾಯಿತು. ಊರಿನ ಇನ್ನೊಂದು ಕೊನೆ. ದೊಡ್ಡ ದೊಡ್ಡ ಅಂಗಳಗಳ ಬೀದಿ. ಒಂದು ಬೆಳಗ್ಗೆ ಸ್ಟಾಪಿನಲ್ಲಿ ಬಸ್ ನಿಲ್ಲಿಸಿದ್ದ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಕಂಡಕ್ಟರ್ ಸೀಟಿ ಊದಿದ. ಬಸ್ ಕದಲಲಿಲ್ಲ. ಕಂಡಕ್ಟರ್ ಮತ್ತೊಮ್ಮೆ ಊದಿದ.

"ಯಾಕಪ್ಪಾ, ಏನಾಯ್ತು?" ಮುಂದಿನ ಸೀಟಿನ ಮುದುಕರೊಬ್ಬರು ಕೇಳಿದರು.

"ಏನಿಲ್ಲ ಯಜಮಾನ್ರೆ," ಅಂದ ಡ್ರೈವರ್. "ಅಲ್ಲಿ ಕೆಲಸ ನಡೀತಾ ಇದೆ."

ಆ ಸಾಲಿನವರೆಲ್ಲ ಕತ್ತು ತಿರುಗಿಸಿ ಕಿಟಕಿಯಾಚೆ ನೋಡಿದರು. ತಗ್ಗು ಗೋಡೆಯಾಚೆಯ ಅಂಗಳದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಹುಲ್ಲಕ್ಕ ಅಲ್ಲ, ಬೇರೆ ಯಾರೋ ಒಬ್ಬ ಹೆಂಗಸು ಮಂಡಿಯೂರಿ, ಹುಲ್ಲನ್ನು ಬೆರಳಿನಿಂದ ಎರಡು ಪಾಲು ಮಾಡಿ ಬುಡ ನೋಡುತ್ತಿದ್ದಳು. ನೋಡಿ, ಎದ್ದು, ಒಂದು ತೋಳಿನಷ್ಟು ಮುಂದೆ ಸರಿದು, ಮತ್ತೆ ಮಂಡಿಯೂರಿದಳು.