ಗುದ್ದಲಿ ಬಿದ್ದ ಜಾಗ

ನನ್ನ ಗಂಡ ವಿರುಪಾಕ್ಷನ ಜೊತೆ ಕಾರಿನಲ್ಲಿ ಕೂರುವುದೇ ಒಂದು ಶಿಕ್ಷೆ. ಬೇರೆಯವರ ಗಂಡಂದಿರು ದಾರಿಯಲ್ಲಿ ಹಾಡು ಕೇಳುತ್ತಾರೆ, ಕ್ರಿಕೆಟ್ ಸ್ಕೋರ್ ಕೇಳುತ್ತಾರೆ. ಇವನು ಮನೆಗಳನ್ನು ನೋಡುತ್ತಾನೆ. "ಇಲ್ಲಿ ಸ್ಲ್ಯಾಬ್ ಹಾಕಿದ್ದಾರೆ ನೋಡು," "ಅಂಗಡಿ ಅಂತ ಪರ್ಮಿಷನ್ ತಗೊಂಡು ಗೋಡೌನ್ ಮಾಡ್ಕೊಂಡಿದ್ದಾರೆ," "ಆ ಮರ ಉಳಿಸ್ಬೇಕಿತ್ತು, ಎಲ್ಲಿ ಹೋಯ್ತು?" ಸಿಡ್ನಿಯ ಪಶ್ಚಿಮದ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿಯ ನಗರಸಭೆಯಲ್ಲಿ, ಅವನಿಗೆ ಇದೇ ನೌಕರಿ. ಯಾವ ಸೈಟಿನಲ್ಲಿ ಏನು ಕಟ್ಟಲು ಅನುಮತಿ ಕೊಟ್ಟಿದ್ದಾರೆ, ಅಲ್ಲಿ ನಿಜವಾಗಿ ಏನು ನಡೆದಿದೆ ಎಂದು ಬೀದಿ ಬೀದಿ ಸುತ್ತಿ ನೋಡಬೇಕು. ಕಂಪ್ಯೂಟರ್‌ನಲ್ಲಿ ಆ ಸೈಟಿನ ಮುಂದೆ ಖಾಲಿ, ಆರಂಭ, ಪೂರ್ಣ ಎಂದು ಗುರುತು ಹಾಕಬೇಕು. ವರ್ಷಕ್ಕೊಮ್ಮೆ ಅದೆಲ್ಲ ವರದಿಯಾಗುತ್ತದೆ. ಅದನ್ನು ನೋಡಿ ಎಲ್ಲಿ ರಸ್ತೆ ಬೇಕು, ಎಲ್ಲಿ ಶಾಲೆ ಬೇಕು ಎಂದು ದೊಡ್ಡವರು ತೀರ್ಮಾನ ಮಾಡುತ್ತಾರಂತೆ. ನಾನು ಬ್ಲ್ಯಾಕ್‌ಟೌನಿನ ಚೈಲ್ಡ್‌ಕೇರ್‌ನಲ್ಲಿ ಮಕ್ಕಳ ಮೂಗು ಒರೆಸುವವಳು. ಕಂಡವರ ಮನೆ ಇಣುಕಿ ನೋಡುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಅವನನ್ನು ಕಾಡಿಸುತ್ತಿದ್ದೆ.

ಒಂದು ಮಾತು ಮಾತ್ರ ಒಪ್ಪಬೇಕು. ಕಣ್ಣಾರೆ ನೋಡದೆ ಅವನು ಯಾವತ್ತೂ ಗುರುತು ಹಾಕಿದವನಲ್ಲ. ಜಲಜಾಳ ಸೈಟಿನಲ್ಲೂ ಅವನು ಕಣ್ಣಾರೆ ನೋಡಿದ್ದ. ಎಡವಟ್ಟಾದದ್ದೇ ಅಲ್ಲಿ.

ಜಲಜಾ ಮತ್ತು ನಾನು ಮೆಲ್ಬರ್ನ್‌ಗೆ ಓದಲು ಬಂದಾಗ ಬಾಕ್ಸ್ ಹಿಲ್‌ನಲ್ಲಿ ಒಂದೇ ರೂಮಿನಲ್ಲಿದ್ದವರು. ಒಂದು ಕುಕ್ಕರ್, ಒಂದು ಚಳಿಗಾಲದ ಕೋಟು, ಅದನ್ನು ಸರದಿಯ ಮೇಲೆ ಹಾಕಿಕೊಳ್ಳುವುದು. ಆಗಿನಿಂದ ಅವಳ ಬಾಯಲ್ಲಿ ನಾನು 'ಮಹಾ'. ಆಮೇಲೆ ನಾನು ವಿರುಪಾಕ್ಷನನ್ನು ಕಟ್ಟಿಕೊಂಡು ಸಿಡ್ನಿಗೆ ಬಂದೆ. ಅವಳು ಯೋಗೀಶನನ್ನು ಮದುವೆಯಾಗಿ ಮೆಲ್ಬರ್ನ್‌ನಲ್ಲೇ, ಡ್ಯಾಂಡಿನಾಂಗ್‌ನ ಬಾಡಿಗೆ ಮನೆಯಲ್ಲಿ ಉಳಿದಳು. ಅವಳದು ವೃದ್ಧಾಶ್ರಮದಲ್ಲಿ ಕೆಲಸ, ಅವನದು ತರಕಾರಿ ಶೈತ್ಯಾಗಾರದಲ್ಲಿ ಶಿಫ್ಟ್ ನೋಡಿಕೊಳ್ಳುವ ಕೆಲಸ. ಅವನ ಕಂಪನಿ ಸಿಡ್ನಿಯಲ್ಲೂ ಶಾಖೆ ತೆಗೆಯುತ್ತದೆ ಎಂಬ ಸುದ್ದಿ ಬಂದಿದ್ದೇ ತಡ, ನಾನು ಅವಳ ಬೆನ್ನು ಹತ್ತಿದೆ. "ಬಂದ್ಬಿಡೇ, ಇಬ್ಬರೂ ಹತ್ತಿರ ಇರೋಣ." ನಮ್ಮ ಮನೆಯಿಂದ ಕಾರಿನಲ್ಲಿ ಐದು ನಿಮಿಷದ ದೂರದಲ್ಲಿ ಒಂದು ಸೈಟು ಇತ್ತು. ಹಿಂದಿನ ಮಾಲೀಕ ಮನೆ ಕಟ್ಟಲು ಕೌನ್ಸಿಲ್ ಅನುಮತಿ ತೆಗೆದುಕೊಂಡಿದ್ದ, ಕಟ್ಟದೆ ಮಾರುತ್ತಿದ್ದ. ಅನುಮತಿಯ ಸಮೇತ ಅವರು ಅದನ್ನು ಕೊಂಡರು. ಆ ಸೈಟನ್ನು ಮೊದಲು ನೋಡಿ ಫೋಟೋ ಕಳಿಸಿದವಳೂ ನಾನೇ.

ಇಲ್ಲಿಯ ಅನುಮತಿಗೆ ಐದು ವರ್ಷದ ಆಯುಷ್ಯ. ಅಷ್ಟರಲ್ಲಿ ಕೆಲಸ ಶುರುವಾಗಬೇಕು, ಇಲ್ಲದಿದ್ದರೆ ಅದು ಸತ್ತಂತೆ. ಶುರುವಾಗಿಬಿಟ್ಟರೆ ಆಮೇಲೆ ಎಷ್ಟು ನಿಧಾನವಾದರೂ ಚಿಂತೆಯಿಲ್ಲ. ಅವರು ಕೊಂಡಾಗ ಉಳಿದಿದ್ದದ್ದು ಒಂದೂವರೆ ವರ್ಷ.

ಜಲಜಾ ಪಂಚಾಂಗ ನೋಡಿಸಿ ಗುದ್ದಲಿ ಪೂಜೆಗೆ ದಿನ ಇಟ್ಟಳು. ಮೆಲ್ಬರ್ನ್‌ನಿಂದ ಮಗಳು ಆದ್ಯಾಳನ್ನೂ ಕರೆದುಕೊಂಡು ಗಂಡ ಹೆಂಡತಿ ಕಾರಿನಲ್ಲಿ ಬಂದರು. ಪುರೋಹಿತರು ಈಶಾನ್ಯ ಮೂಲೆ ತೋರಿಸಿದರು, ಮೊಳಕಾಲಾಳದ ಗುಂಡಿ ತೋಡಿದರು. ಅದಕ್ಕೆ ಹಾಲು ಬಿತ್ತು, ನವಧಾನ್ಯ ಬಿತ್ತು, ಅರಿಶಿನ ಕುಂಕುಮ ಹಚ್ಚಿದ ಇಟ್ಟಿಗೆಗಳು ಕೂತವು. ಯೋಗೀಶ ಗುದ್ದಲಿ ಹಾಕಿದ ಮೇಲೆ ಅದನ್ನು ವಿರುಪಾಕ್ಷನ ಕೈಗೆ ಕೊಟ್ಟು, "ನೀವೂ ಹಾಕ್ಬೇಕು ಅಣ್ಣಾ, ನೀವು ಈ ಊರಿನ ಲೆಕ್ಕ ಬಲ್ಲವರು," ಎಂದ. ನಮ್ಮವನು ಉಬ್ಬಿಹೋದ. ಆಮೇಲೆ ಕಾರಿನ ಡಿಕ್ಕಿ ತೆರೆದು ಅಲ್ಲೇ ಹುಲ್ಲಿನ ಮೇಲೆ ಚಿತ್ರಾನ್ನ, ಕೋಸಂಬರಿ, ಹೋಳಿಗೆ.

ಊಟದ ನಡುವೆ ಯೋಗೀಶ ಕೇಳಿದ, "ಅಣ್ಣಾ, ಆ ಐದು ವರ್ಷದ್ದು ಏನಾದ್ರೂ ಪ್ರಾಬ್ಲಮ್ ಆಗತ್ತಾ? ಬಿಲ್ಡರ್ ಸ್ವಲ್ಪ ಲೇಟ್ ಅಂತಿದ್ದಾನೆ."

ವಿರುಪಾಕ್ಷನ ಬಾಯಲ್ಲಿ ಹೋಳಿಗೆಯಿತ್ತು. ಅದನ್ನು ನುಂಗಿ ಹೇಳಿದ, "ಗುದ್ದಲಿ ಬಿತ್ತಲ್ಲ ಯೋಗೀಶ, ಶುರು ಆದ ಹಾಗೇ. ಸೋಮವಾರ ನಾನೇ 'ಆರಂಭ' ಅಂತ ಹಾಕಿಬಿಡ್ತೀನಿ. ನೀವು ಆರಾಮಾಗಿರಿ."

ಸೋಮವಾರ ಹಾಗೆಯೇ ಹಾಕಿದ. ನಮ್ಮ ಕಡೆ ಗುದ್ದಲಿ ಪೂಜೆ ಆಯಿತೆಂದರೆ ಮನೆ ಶುರುವಾಯಿತೆಂದೇ ಅರ್ಥ, ಪೂಜೆ ಮುಗಿಸಿ ಮನೆಗೆ ಹೋದವರಿಗೆ ಯಾರೂ "ಕೆಲಸ ಯಾವಾಗ ಶುರು?" ಎಂದು ಕೇಳುವುದಿಲ್ಲ. ಆದರೆ ಇಲ್ಲಿಯ ಕಾಯಿದೆಗೆ ನವಧಾನ್ಯ ಲೆಕ್ಕಕ್ಕಿಲ್ಲ. ಮಣ್ಣು ಪರೀಕ್ಷೆಗೆ ಗುಂಡಿ ತೋಡಿದರೂ ಅದು ಆರಂಭವಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಬೇರೆ ಯಾರದೋ ಸೈಟಿನಲ್ಲಿ ಅಂಥ ಗುಂಡಿ ಕಂಡಿದ್ದರೆ 'ಖಾಲಿ' ಎಂದು ಹಾಕಿ ಮುಂದೆ ಹೋಗುತ್ತಿದ್ದ.

ಅವನ ಮಾತು ನಂಬಿ ಯೋಗೀಶ ಆರಾಮಾಗಿಯೇ ಇದ್ದ. ಮೊದಲು ಆಷಾಢ ಅಡ್ಡ ಬಂತು. ಆಮೇಲೆ ಆದ್ಯಾಳ ಶಾಲೆಯ ವರ್ಷ ಮುಗಿಯಲಿ ಎಂದಾಯಿತು. ಸಿಡ್ನಿ ಶಾಖೆಗೆ ವರ್ಗ ಸಿಕ್ಕ ಮೇಲೆ ಬಿಲ್ಡರ್ ಹತ್ತಿರ ಹೋದರಾಯಿತು ಎಂದಾಯಿತು. ಈ ವರ್ಷ ಮಾರ್ಚ್‌ನಲ್ಲಿ ಐದು ವರ್ಷ ತುಂಬಿದ್ದನ್ನು ಯಾರೂ ಗಮನಿಸಲೂ ಇಲ್ಲ. ಏಪ್ರಿಲ್‌ನಲ್ಲಿ ಬಿಲ್ಡರ್ ಕಾಗದಪತ್ರ ನೋಡಿ ಕೇಳಿದ: ಗಡುವು ಮುಗಿದಿದೆ, ಕೆಲಸ ಶುರುವಾಗಿತ್ತು ಅನ್ನುವುದಕ್ಕೆ ಏನು ಆಧಾರ? ಹೊಸದಾಗಿ ಅರ್ಜಿ ಹಾಕುವ ದಾರಿಯೂ ಉಳಿದಿರಲಿಲ್ಲ. ಆ ಬೀದಿಯ ತಗ್ಗಿನ ಬದಿಗೆ, ಅವರ ಸೈಟಿನ ಹಿಂದೆಯೇ, ಒಂದು ತೊರೆ ಹರಿಯುತ್ತದೆ. ಹೊಸ ಪ್ರವಾಹ ನಕ್ಷೆ ಜಾರಿಗೆ ಬಂದಿತ್ತು; ಅದರ ಪ್ರಕಾರ ಆ ಬದಿಯಲ್ಲಿ ಇನ್ನು ಹೊಸ ಮನೆಗೆ ಅನುಮತಿಯಿಲ್ಲ.

ಯೋಗೀಶ ಗಾಬರಿಯಾಗದೆ ಫೋನ್ ಮಾಡಿದ. ಗಾಬರಿಯಾಗಲು ಅವನಿಗೆ ಕಾರಣವೇ ಇರಲಿಲ್ಲವಲ್ಲ. "ಅಣ್ಣಾ, ನಿಮ್ಮ ರೆಕಾರ್ಡ್‌ನಲ್ಲಿ ಆರಂಭ ಅಂತ ಇದೆಯಲ್ಲ, ಅದನ್ನೇ ಒಂದು ಲೆಟರ್‌ನಲ್ಲಿ ಬರ್ಕೊಟ್ರೆ ಸಾಕಂತೆ."

"ನೋಡ್ತೀನಿ," ಎಂದು ಫೋನ್ ಇಟ್ಟ ವಿರುಪಾಕ್ಷ ಆ ಸಂಜೆ ಊಟ ಮಾಡಲಿಲ್ಲ. ನಾನು ಒತ್ತಾಯಿಸಿದ ಮೇಲೆ ಎಲ್ಲ ಹೇಳಿದ. ಕೇಳಿ ನನಗೆ ಸಿಟ್ಟು ನೆತ್ತಿಗೇರಿತು.

"ಹೋಳಿಗೆ ತಿನ್ನೋವಾಗ ಬಾಯಿ ಮುಚ್ಕೊಂಡು ತಿನ್ನೋಕಾಗಲ್ವಾ ನಿಂಗೆ? ಯಾರು ಕೇಳಿದ್ರು ಆ ಭರವಸೆ?"

"ಯೋಗೀಶ ಕೇಳಿದ."

"ಸರಿ, ಈಗ ಬರ್ಕೊಡು. ಒಂದು ಸಾಲು. ನೀನು ಹಾಕಿದ ಗುರುತು ತಾನೆ, ಯಾರು ಬಂದು ಗುಂಡಿ ಅಗೆದು ನೋಡ್ತಾರೆ?"

ಮಾರನೆಯ ದಿನ ಜಲಜಾ ನನಗೆ ಫೋನ್ ಮಾಡಿದಳು. ಬಾಗಿಲಿನ ಹೊಸಿಲು ಬಂದಿದೆಯಂತೆ. ಊರಲ್ಲಿ ಅವಳಪ್ಪ ಶೇಖರಪ್ಪ ಹೊಸ ಮನೆಗೆಂದು ಸಾಗುವಾನಿ ಮರದಲ್ಲಿ ಮಾಡಿಸಿ, ಹುಳ ಹಿಡಿಯದಂತೆ ಔಷಧಿ ಹೊಡೆಸಿ, ಹಡಗಿನಲ್ಲಿ ಕಳಿಸಿದ್ದರು. ನಡುವೆ ಪದ್ಮ ಕೆತ್ತಿಸಿದ್ದರು. ವಿಡಿಯೋದಲ್ಲಿ ತೋರಿಸಿದಳು. ಡ್ಯಾಂಡಿನಾಂಗ್‌ನ ಬಾಡಿಗೆ ಮನೆಯ ಸೋಫಾ ಹಿಂದೆ ಅದು ಒರಗಿಕೊಂಡಿತ್ತು. ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಾಳಂತೆ. "ಮನೆ ಇಲ್ದೆ ಹೊಸಿಲು ಪೂಜೆ ಮಾಡ್ತಾಳೆ ಅಂತ ಯೋಗೀಶ ನಗ್ತಾರೆ ಕಣೇ. ಲೆಟರ್ ಆಗತ್ತಲ್ಲ ಮಹಾ?"

"ಆಗತ್ತೆ ಬಿಡೇ, ನಾನಿದ್ದೀನಲ್ಲ," ಎಂದೆ.

ಬಾಯಿಂದ ಬಿದ್ದ ಮೇಲೆ ತಿಳಿಯಿತು. ಹಿಂದಿನ ದಿನ ಗಂಡನಿಗೆ ಮಂಗಳಾರತಿ ಎತ್ತಿದವಳು ಇವತ್ತು ಅದನ್ನೇ ಮಾಡಿದ್ದೆ. ನನ್ನ ಬಾಯಲ್ಲಿ ಹೋಳಿಗೆ ಕೂಡ ಇರಲಿಲ್ಲ.

ಶನಿವಾರ ವಿರುಪಾಕ್ಷ, "ಒಂದ್ಸಲ ಸೈಟ್ ನೋಡಿ ಬರ್ತೀನಿ," ಎಂದು ಹೊರಟ. ನಾನೂ ಹೋದೆ, ಅವನ ಮನಸ್ಸು ಗಟ್ಟಿ ಮಾಡಿಸಿ ಪತ್ರ ಬರೆಸುವುದಕ್ಕೇ ಹೋದೆ. ಸೈಟಿನಲ್ಲಿ ಹುಲ್ಲು ಮೊಳಕಾಲಿಗೆ ಬಂದಿತ್ತು. ಈಶಾನ್ಯ ಮೂಲೆಯನ್ನು ಹುಡುಕಬೇಕಾಯಿತು. ಗುಂಡಿಯಲ್ಲಿ ಹೂಳು ತುಂಬಿ ಸಮವಾಗಿತ್ತು. ಕಾಲಲ್ಲಿ ಕೆದಕಿದಾಗ ಒಂದು ಇಟ್ಟಿಗೆಯ ಅಂಚು ಸಿಕ್ಕಿತು. ಅರಿಶಿನವೂ ಇಲ್ಲ, ಕುಂಕುಮವೂ ಇಲ್ಲ.

"ಇಟ್ಟಿಗೆ ಇದೆಯಲ್ಲ, ಇದನ್ನೇ ಫೋಟೋ ತೆಗಿ," ಎಂದೆ.

ಅವನು ಫೋಟೋ ತೆಗೆಯದೆ ಹಿಂದಿನ ತಂತಿ ಬೇಲಿಯ ಕಡೆ ನೋಡುತ್ತಿದ್ದ. ನಾನೂ ನೋಡಿದೆ. ಫೆಬ್ರವರಿಯಲ್ಲಿ, ಇಲ್ಲಿಯ ಬೇಸಿಗೆಯ ಕೊನೆಗೆ, ಬಂದ ಮಳೆಗೆ ತೊರೆ ಉಕ್ಕಿದ್ದು ನನಗೆ ಗೊತ್ತಿತ್ತು, ಎಲ್ಲಿಯವರೆಗೆ ಎಂದು ಗೊತ್ತಿರಲಿಲ್ಲ. ಬೇಲಿಗೆ ಒಣಗಿದ ಜೊಂಡು, ಚಿಂದಿ, ಪ್ಲಾಸ್ಟಿಕ್ಕು ಒಂದೇ ಎತ್ತರಕ್ಕೆ ಸಾಲಾಗಿ ಸಿಕ್ಕಿಕೊಂಡಿದ್ದವು. ಹತ್ತಿರ ಹೋಗಿ ನಿಂತೆ. ಅದು ನನ್ನ ಎದೆ ಮಟ್ಟಕ್ಕಿತ್ತು. ಆದ್ಯಾ ನನ್ನ ಎದೆ ಮಟ್ಟಕ್ಕೂ ಬರುವುದಿಲ್ಲ.

"ಬರ್ಕೊಟ್ರೆ ಮನೆ ಆಗತ್ತೆ," ಎಂದ ವಿರುಪಾಕ್ಷ. "ಆಮೇಲೆ ಈ ನೀರು ಅದರೊಳಗೆ ಬರತ್ತೆ. ಪತ್ರ ಕೊಟ್ಟವನು ನಾನೇ ಆಗಿರ್ತೀನಿ."

ನಾನು ಕಾರಿನಲ್ಲಿ ಹೋಗಿ ಕೂತೆ. ನಾಚಿಕೆಯಾಯಿತು. ಈ ಸೈಟಿನ ಫೋಟೋ ಕಳಿಸುವಾಗ ತೊರೆಯ ಕಡೆಯಿಂದ ನಿಂತು ತೆಗೆದಿದ್ದೆ. ಹಸಿರು ಚೆನ್ನಾಗಿ ಬರುತ್ತದೆ ಎಂದು.

ಸೋಮವಾರ ಅವನು ಗುರುತು ಬದಲಾಯಿಸಿ 'ಖಾಲಿ' ಎಂದು ಹಾಕಿದ, ತಪ್ಪು ತನ್ನದೆಂದು ಮ್ಯಾನೇಜರ್‌ಗೂ ತಿಳಿಸಿದ. ಅವಳು ಥ್ಯಾಂಕ್ಸ್ ಹೇಳಿ ವರದಿ ತಿದ್ದಿಸಿದಳು, ಅಷ್ಟೆ. ಕೌನ್ಸಿಲ್‌ನ ಲೆಕ್ಕದಲ್ಲಿ ಒಂದು ಮನೆ ಕಡಿಮೆಯಾಯಿತು. ಅವನಿಗೆ ಯಾರಾದರೂ ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸಿತು, ಅವನಿಗೂ ಅನಿಸಿರಬೇಕು.

ಇಂಥದ್ದನ್ನು ಫೋನಿನಲ್ಲಿ ಹೇಳುವಂತಿರಲಿಲ್ಲ. "ಲೆಟರ್ ವಿಷಯ ಬಂದು ಮಾತಾಡ್ತೀವಿ" ಎಂದಷ್ಟೇ ಹೇಳಿ ದಿನ ತಳ್ಳಿದೆವು. ಜೂನ್‌ನ ಲಾಂಗ್ ವೀಕೆಂಡ್‌ಗೆ ಕಾರಿನಲ್ಲಿ ಮೆಲ್ಬರ್ನ್‌ಗೆ ಹೊರಟೆವು. ಇಡೀ ದಿನದ ದಾರಿ. ವಿರುಪಾಕ್ಷ ಒಂದು ಮನೆಯ ಬಗ್ಗೆಯೂ ಮಾತಾಡಲಿಲ್ಲ. ಆ ಶಿಕ್ಷೆ ಇಲ್ಲದ ಪ್ರಯಾಣ ಅದಕ್ಕಿಂತ ಕಷ್ಟವಾಗಿತ್ತು.

ಜಲಜಾ ಅಕ್ಕಿರೊಟ್ಟಿ ಮಾಡಿ ಕಾಯುತ್ತಿದ್ದಳು. ತಟ್ಟೆ ಮುಂದೆ ಬಂದರೂ ವಿರುಪಾಕ್ಷ ಕೈ ಹಾಕಲಿಲ್ಲ. "ಮೊದಲು ಹೇಳ್ಬಿಡ್ತೀನಿ," ಎಂದು ಎಲ್ಲವನ್ನೂ ಹೇಳಿದ. ಕಾಯಿದೆ ಏನು, ತಾನು ಹಾಕಿದ ಗುರುತೇನು, ಬೇಲಿಯ ಮೇಲೆ ಕಂಡದ್ದೇನು, ಪತ್ರ ಯಾಕೆ ಕೊಡಲಾರೆ. ಸುತ್ತಿ ಬಳಸಿ ಹೇಳಲಿಲ್ಲ.

ಯೋಗೀಶ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ, "ಅಣ್ಣಾ, ಪೂಜೆ ದಿನ ನಿಮಗೆ ಈ ರೂಲ್ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಗುದ್ದಲಿ ಕೈಗೆ ಕೊಟ್ರಿ. ಖುಷಿಯಾಗಿತ್ತು. ಹೇಳ್ಬಿಟ್ಟೆ."

"ನೀವು ಗೊತ್ತಿಲ್ಲ ಅಂದಿದ್ರೂ ಸಾಕಿತ್ತು," ಎಂದ ಯೋಗೀಶ. "ಬೇರೆ ಯಾರನ್ನಾದ್ರೂ ಕೇಳ್ತಿದ್ದೆ. ಟೈಮ್ ಇತ್ತು."

ಜಲಜಾ ನನ್ನ ಕಡೆ ತಿರುಗಿದಳು. "ನೀನು ಆಗತ್ತೆ ಅಂದ್ಯಲ್ಲ ಮಹಾ."

"ಹೂಂ. ಅಂದೆ. ತಪ್ಪಾಯ್ತು ಕಣೇ," ಎಂದೆ. ಬಾಕ್ಸ್ ಹಿಲ್‌ನ ರೂಮಿನಲ್ಲಿ ನಾವು ದಿನಕ್ಕೆ ಎರಡು ಸಲ ಜಗಳವಾಡುತ್ತಿದ್ದೆವು. ಅವಳು ಅವತ್ತು ಜಗಳವಾಡಿದ್ದರೆ ನಾನು ಉಸಿರಾಡುತ್ತಿದ್ದೆ. ಅವಳು ರೊಟ್ಟಿ ಬಡಿಸಿದಳು, ನಾವು ತಿಂದೆವು.

ಬೆಳಿಗ್ಗೆ ಹೊರಡುವಾಗ ಪದ್ಧತಿ ತಪ್ಪಿಸದೆ ನನಗೆ ಕುಂಕುಮ ಕೊಟ್ಟಳು. ಆಮೇಲೆ ಸೋಫಾ ಹಿಂದಿನಿಂದ ಹೊಸಿಲನ್ನು ಎಳೆದು ತಂದು ಬಾಗಿಲಲ್ಲಿ ನಿಲ್ಲಿಸಿದಳು.

"ಇದನ್ನ ತಗೊಂಡು ಹೋಗಿ ಅಣ್ಣಾ."

"ಬೇಡ ಜಲಜಾ, ಅಪ್ಪಾಜಿ ಕಳಿಸಿದ್ದು. ಬೇರೆ ಸೈಟ್ ಸಿಗತ್ತೆ."

"ಸಿಕ್ಕಾಗ ಕೇಳಿ ತಗೋತೀನಿ. ದಿನಾ ಬೆಳಿಗ್ಗೆ ಎದ್ದು ನೋಡೋಕೆ ನನ್ನಿಂದ ಆಗಲ್ಲ. ನೀವೇ ನೋಡಿ."

ವಿರುಪಾಕ್ಷ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡ. ಹಿಂದಿನ ಸೀಟು ಮಡಚಿ ಮಲಗಿಸಿದರೂ ಅದರ ಒಂದು ತುದಿ ನಮ್ಮಿಬ್ಬರ ಸೀಟುಗಳ ನಡುವೆ ಮುಂದಕ್ಕೆ ಬಂತು. ಸಿಡ್ನಿಯವರೆಗೂ ಗೇರ್ ಹಾಕಿದಾಗಲೆಲ್ಲ ಅವನ ಮೊಣಕೈ ಅದಕ್ಕೆ ತಾಗುತ್ತಿತ್ತು.

ಈಗ ಅದು ನಮ್ಮ ಸೋಫಾ ಹಿಂದೆ ಇದೆ. ಮೊದಲ ಶುಕ್ರವಾರ ಕೆಲಸ ಮುಗಿಸಿ ಬಂದು ಸುಸ್ತಾಗಿ ಕೂತಿದ್ದೆ. ನಾವು ಹೊರಟು ಬಂದಾಗಿನಿಂದ ಮಾತಿಲ್ಲದ ಜಲಜಾಳಿಂದ ಮೆಸೇಜ್ ಬಂತು. "ಇವತ್ತು ಶುಕ್ರವಾರ. ಹೊಸಿಲಿಗೆ ಹಚ್ಚಿದ್ಯಾ?"

ಅವಳ ಹೆಸರು ಕಂಡ ಸಂತೋಷಕ್ಕೆ "ಹಚ್ಚಿದೆ" ಎಂದು ಟೈಪ್ ಮಾಡಿದೆ. ಕಳಿಸಲು ಬೆರಳು ಮುಂದೆ ಹೋಗಿ ನಿಂತಿತು. ಎದುರು ಕೂತಿದ್ದ ವಿರುಪಾಕ್ಷ ನನ್ನ ಮುಖ ನೋಡಿ, "ಏನು?" ಎಂದ. ಏನೂ ಇಲ್ಲ ಎಂದೆ. ಫೋನ್ ಕೆಳಗಿಟ್ಟು ಎದ್ದು, ಸೋಫಾ ಸರಿಸಿ, ನೆಲದ ಮೇಲೆ ಕೂತು, ಒದ್ದೆ ಬಟ್ಟೆಯಲ್ಲಿ ಆ ಪದ್ಮವನ್ನು ಒರೆಸಿ ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ. ಕೈ ತೊಳೆದುಕೊಂಡು ಬಂದು, ಬರೆದಿಟ್ಟಿದ್ದನ್ನು ಆಗ ಕಳಿಸಿದೆ.

ಅವಳು ಅದನ್ನು ನೋಡಿದಳು. ಉತ್ತರ ಬರೆಯಲಿಲ್ಲ.