ತಾಟಿನೊಳಗಿನ ಲಕೋಟೆ

ನನ್ನ ಗಂಡ ಗೌರೀಶ ಜಮಖಂಡಿಯಲ್ಲಿ ವಿಮಾ ಏಜೆಂಟ್. ಊರಿನ ಅರ್ಧ ಟ್ರ್ಯಾಕ್ಟರುಗಳ ಕಾಗದ ಅವನ ಕಪಾಟಿನಲ್ಲಿದೆ. ಎದುರಿಗೆ ಅವನನ್ನು ಬಹುವಚನದಲ್ಲೇ ಮಾತನಾಡಿಸುತ್ತೇನೆ. ಇಲ್ಲಿ ಏಕವಚನ ಸಾಕು, ಈ ಕಥೆಯಲ್ಲಿ ಅವನು ಗಳಿಸಿದ ಮರ್ಯಾದೆ ಅಷ್ಟೇ. ನನ್ನ ಅಪ್ಪ ಶಿವಯೋಗೆಪ್ಪನಿಗೂ ಅದೇ ಮಾತು. ಮುಧೋಳದ ಹತ್ತಿರ ಇಪ್ಪತ್ತು ಎಕರೆ ಕಬ್ಬು, ಕಟ್ಟೆಯ ಮೇಲೆ ಕೂತವರು ಎದ್ದು ನಿಂತು ನಮಸ್ಕಾರ ಹೇಳುವ ಮನೆತನ, ಆದರೆ ಅಳಿಯನ ಮುಂದೆ ಒಂದು ನೇರ ಮಾತಾಡುವ ಧೈರ್ಯವಿಲ್ಲ.

ನಮ್ಮಲ್ಲಿ ಅಳಿಯ ಎಂದರೆ ದೇವರಿಗಿಂತ ಅರ್ಧ ಗೇಣು ಮೇಲೆ. ದೇವರ ಹತ್ತಿರವಾದರೂ ಏನಾದರೂ ಕೇಳಬಹುದು, ಅಳಿಯನ ಹತ್ತಿರ ಏನೂ ಕೇಳಬಾರದು. ಹಣ ನೇರವಾಗಿ ಕೈಗೆ ಕೊಟ್ಟರೆ ಅವಮಾನ, ಕೊಟ್ಟ ಹಣಕ್ಕೆ ರಸೀದಿ ಕೇಳಿದರೆ ಇನ್ನೂ ದೊಡ್ಡ ಅವಮಾನ. ಇನ್ನು ಅಳಿಯನೇ ಬಾಯಿಬಿಟ್ಟು ಮಾವನಿಗೆ ಹಣ ಕೇಳಿದನೋ, ಬೀಗರೆಲ್ಲ ಸೇರಿ ಅವನನ್ನು ಭಿಕಾರಿ ಮಾಡಿಬಿಡುತ್ತಾರೆ. ಇಂಥ ಘನವಾದ ಮರ್ಯಾದೆಯ ನೆರಳಿನಲ್ಲಿ ಅಪ್ಪನ ಬಿಳಿ ಕಾರು ಎರಡು ವರ್ಷ ವಿಮೆಯಿಲ್ಲದೆ ಓಡಾಡಿತು. ಅದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ದಿನ ಅದನ್ನು ನಡೆಸಿದವಳು ನಾನು.

ಫೆಬ್ರುವರಿಯಲ್ಲಿ ತವರಿಗೆ ಹೋಗಿದ್ದೆ. ಅವ್ವ ಮುತ್ತವ್ವ ತನ್ನ ತಂಗಿಯ ಸೊಸೆಗೆ ಬನಹಟ್ಟಿಯಿಂದ ಸೀರೆ ತರುವುದಿತ್ತು. ಅಪ್ಪನ ಕಾರು ತೆಗೆದುಕೊಂಡು ಇಬ್ಬರೇ ಹೊರಟೆವು. ಮಗ್ಗದ ಓಣಿಯ ತಿರುವಿಗೆ ಬಂದಾಗ, ಆ ಸೊಸೆಗೆ ಹಸಿರು ಒಪ್ಪುತ್ತದೋ ಕೆನ್ನೀಲಿಯೋ ಎಂದು ಅವ್ವ ವಾದ ತೆಗೆದಳು. ನಾನು ಅವಳ ಕಡೆ ಮುಖ ತಿರುಗಿಸಿ ಉತ್ತರ ಕೊಟ್ಟೆ. ಆ ಹುಡುಗಿ ಏನು ಉಟ್ಟರೂ ಅಷ್ಟೇ ಎಂದು ಹೇಳಿ ಮುಗಿಸುವಷ್ಟರಲ್ಲಿ ಕಾರಿಗೆ ಒಬ್ಬ ಹೆಂಗಸು ಬಡಿದಿದ್ದಳು. ತಲೆಯ ಮೇಲಿದ್ದ ಚೀಲ ಹರಿದು ನೂಲಿನ ಕಂಡಿಕೆಗಳು ರಸ್ತೆಯ ತುಂಬ ಉರುಳಿದವು. ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಅಳಲೂ ಇಲ್ಲ, ಬಯ್ಯಲೂ ಇಲ್ಲ.

ಹೆಸರು ಸಾವಿತ್ರೆವ್ವ. ಐವತ್ತರ ಹತ್ತಿರದ ವಯಸ್ಸು, ಗಂಡನಿಲ್ಲ, ಮಕ್ಕಳಿಲ್ಲ. ಮಗ್ಗದವರಿಗೆ ಕಂಡಿಕೆ ಸುತ್ತಿಕೊಡುವುದೇ ಅವಳ ಅನ್ನ. ಅವಳನ್ನೂ ಸುದ್ದಿ ಕೇಳಿ ಓಡಿಬಂದ ಅವಳ ತಮ್ಮ ಕಾಮಣ್ಣನನ್ನೂ ಅದೇ ಕಾರಿನಲ್ಲಿ ಕೂರಿಸಿಕೊಂಡು ಜಮಖಂಡಿಯ ಆಸ್ಪತ್ರೆಗೆ ತಂದೆ. ಡಾಕ್ಟರು ಎಕ್ಸ್‌ರೇ ನೋಡಿ, ಮುಂಗೈ ಎಲುಬು ಎರಡು ಕಡೆ ಮುರಿದಿದೆ, ಬಾವು ಏರಿ ನರ ಒತ್ತುತ್ತಿದೆ, ಇಲ್ಲಿ ಆಗುವ ಕೆಲಸವಲ್ಲ, ಮಿರಜಿಗೆ ಒಯ್ಯಿರಿ ಎಂದರು. ಇವತ್ತು ಒಯ್ದರೆ ಛಲೋ, ನಾಳೆ ದಾಟಬಾರದು, ದಾಟಿದರೆ ಬೆರಳು ಮಡಚುವುದು ಕಷ್ಟ ಎಂದು ನನ್ನ ಮುಖ ನೋಡಿಯೇ ಹೇಳಿದರು.

“ಚಿಂತಿ ಮಾಡಬ್ಯಾಡ್ರಿ,” ಎಂದು ಸಾವಿತ್ರೆವ್ವನಿಗೆ ಹೇಳಿದೆ. “ಗಾಡಿಗೆ ಇನ್ಶೂರೆನ್ಸ್ ಐತಿ. ನಮ್ಮ ಮನಿಯವರ ಏಜೆಂಟ್ ಅದಾರ. ಎಲ್ಲಾ ನಾವು ನೋಡ್ಕೋತೇವಿ.”

ಎಷ್ಟು ಬಿಗುಮಾನದಿಂದ ಹೇಳಿದ್ದೆನೆಂದರೆ ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಕಾಮಣ್ಣ ನನಗೆ ಕೈ ಮುಗಿದ.

ಸ್ವಲ್ಪ ಹೊತ್ತಿಗೆ ಗೌರೀಶ ಬಂದ. ಅವನ ಹಿಂದೆಯೇ ಮುಧೋಳದಿಂದ ಅಪ್ಪನೂ ಬಂದ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಮೊದಲು ಯಾರು ಕೂರಬೇಕು ಎಂದು ಐದು ನಿಮಿಷ ನೀವು ಕೂರಿ, ನೀವು ಕೂರಿ ಆಯಿತು. ಕೊನೆಗೆ ಇಬ್ಬರೂ ನಿಂತೇ ಮಾತಾಡಿದರು.

“ಅಳಿಯಂದ್ರ, ಗಾಡಿ ಕಾಗದ ತಂದೀರೇನ್ರಿ?” ಎಂದ ಅಪ್ಪ.

“ಯಾವ ಕಾಗದಾರಿ ಮಾಮಾರ?”

“ಅದ ರೀ, ಇನ್ಶೂರೆನ್ಸಿಂದು.”

“ಅದನ್ನ ನೀವು ಬ್ಯಾರೆ ಕಡೆ ಮಾಡ್ಸೀರಲ್ರಿ.”

“ನಾ ಯಾಕ ಬ್ಯಾರೆ ಕಡೆ ಮಾಡಸ್ಲ್ರಿ? ನಾ ನೋಡ್ಕೋತೇನಿ ಅಂತ ನೀವ ಅಂದಿದ್ರಿ.”

“ಅಂದಿದ್ನಿ ಖರೆ. ಆಮ್ಯಾಲೆ ನೀವು ರೊಕ್ಕದ ಮಾತ ತಗೀಲಿಲ್ಲ. ಮಾವನ ಕಡೆ ಬಾಯಿಬಿಟ್ಟ ಹೆಂಗ ಕೇಳೂದ್ರಿ?”

ಅಪ್ಪನ ಮುಖ ಬಿಳಿಚಿಕೊಂಡಿತು. “ದೀಪಾವಳಿ ಪಾಡ್ಯದ ದಿನಾ ತಾಟಿನಾಗ ಲಕೋಟಿ ಇಟ್ಟಿದ್ನಲ್ರಿ. ಎರಡ ವರ್ಷಾನೂ ಇಟ್ಟೇನಿ.”

“ಅದು ಹಬ್ಬದ ಆಯೇರಿ ಅಲ್ಲೇನ್ರಿ?”

“ಆಯೇರಿ ಅಂದ್ರ ಧೋತರ, ಶಲ್ಯ. ಲಕೋಟಿ ಗಾಡೀದು.”

“ಲಕೋಟಿ ಮ್ಯಾಲೆ ಬರೀಬೇಕಿತ್ತಲ್ರಿ ಮಾಮಾರ.”

“ಅಳಿಯಗ ಕೊಡೂ ಲಕೋಟಿ ಮ್ಯಾಲೆ ಹಂತಾದ್ದೆಲ್ಲಾ ಬರೀತಾರೇನ್ರಿ?”

ಎಲೆ, ಅಡಿಕೆ, ಧೋತರದ ಜೊತೆಗೆ ಕಾರಿನ ವಿಮೆಯ ಹಣವನ್ನೂ ಆರತಿ ಬೆಳಗಿ ಕೊಟ್ಟ ಮಹಾನುಭಾವ ಒಬ್ಬ. ಅದನ್ನು ಉಡುಗೊರೆ ಎಂದು ಜೇಬಿಗಿಳಿಸಿ ಹೊಸ ಮೊಬೈಲು ಕೊಂಡ ಮಹಾನುಭಾವ ಇನ್ನೊಬ್ಬ. ವಿಮೆ ಮುಗಿದದ್ದು ಈ ಏಜೆಂಟನಿಗೆ ಗೊತ್ತಿತ್ತು. ಮಾವ ತನ್ನನ್ನು ಬಿಟ್ಟು ಬೇರೆಯವರ ಹತ್ತಿರ ಮಾಡಿಸಿದ್ದಾನೆ ಎಂದು ಎರಡು ವರ್ಷ ಒಳಗೊಳಗೇ ಮುನಿಸಿಕೊಂಡಿದ್ದನಂತೆ. ಆ ಸಿಟ್ಟಿಗೆ ತವರಿನ ಊಟದಲ್ಲಿ ಎರಡನೆಯ ಹೋಳಿಗೆ ಬೇಡ ಎನ್ನುತ್ತಿದ್ದ. ನಾನು ಸಕ್ಕರೆ ಕಾಯಿಲೆಯ ಹೆದರಿಕೆ ಇರಬೇಕು ಎಂದುಕೊಂಡಿದ್ದೆ.

ಆ ಹೊತ್ತಿಗೇ ಸಾವಿತ್ರೆವ್ವನನ್ನು ಮಿರಜಿಗೆ ಕರೆದೊಯ್ಯಬಹುದಿತ್ತು. ಅಪ್ಪನ ಹತ್ತಿರ ದುಡ್ಡಿರಲಿಲ್ಲ ಎಂದಲ್ಲ, ಕಾರ್ಖಾನೆಯ ಕಬ್ಬಿನ ಬಿಲ್ಲು ಹಿಂದಿನ ವಾರವೇ ಬಂದಿತ್ತು. ಆದರೆ ಗೌರೀಶ ಅಡ್ಡ ಬಂದ.

“ಈಗ ನೀವು ರೊಕ್ಕಾ ಕಟ್ಟಿದ್ರ, ಬಡದದ್ದು ನಿಮ್ಮ ಗಾಡೀನ ಅಂತ ಒಪ್ಕೊಂಡಂಗ ಆಗತೈತ್ರಿ ಮಾಮಾರ. ಇನ್ಶೂರೆನ್ಸ್ ಇಲ್ಲದ ಗಾಡಿ. ನಾಳೆ ಕೋರ್ಟು ಎಷ್ಟ ಪರಿಹಾರ ಅಂತೈತಿ, ಅಷ್ಟೂ ನಿಮ್ಮ ಕೈಲಿಂದ ಹೋಗತೈತಿ. ಅದರ ಬದ್ಲಿ ನನ್ನ ಕಾರ ತೋರಸೂಣು. ನನ್ನ ಕಾರಿಗೆ ಇನ್ಶೂರೆನ್ಸ್ ಐತಿ. ನಿಮ್ಮ ಮಗಳು ಮಧು ನನ್ನ ಕಾರ ನಡಸ್ತಿದ್ಲು ಅಂತ ಹೇಳಿದ್ರಾತು.”

ಗೌರೀಶನ ಕಾರು ಕೆಂಪು. ಪೊಲೀಸರು ಕೇಳಿದಾಗ ಸಾವಿತ್ರೆವ್ವ ಬಿಳಿ ಎನ್ನದೆ ಕೆಂಪು ಎಂದರೆ ಸಾಕಿತ್ತು. ಅಪ್ಪ ಅಳಿಯನ ಬುದ್ಧಿಗೆ ತಲೆದೂಗಿದ. ನಾನು ಅಡ್ಡ ಬರಲಿಲ್ಲ. ಕಂಪನಿ ಬೇಗ ಹಣ ಕೊಟ್ಟರೆ ಅವಳ ಕೈ ಉಳಿಯುತ್ತದೆ ಎಂದುಕೊಂಡೆ.

ಮರುದಿನ ನಾನು ಆಸ್ಪತ್ರೆಗೆ ಹೋಗಿ ಸಾವಿತ್ರೆವ್ವನ ಕೈ ನೋಡಿಕೊಂಡು ಬರುವಷ್ಟರಲ್ಲಿ ಇನ್ನೊಂದು ತೊಡಕು ಎದ್ದಿತ್ತು. ಕೆಂಪು ಕಾರಿಗೆ ಒಂದು ಗೀರೂ ಇರಲಿಲ್ಲ. ನಮ್ಮ ಮನೆಯ ಹಿತ್ತಲಲ್ಲಿ ಬಾಗಿಲು ಹಾಕಿಕೊಂಡು ಮಾವ ಅಳಿಯ ಹಾರೆ ಹಿಡಿದು ನಿಂತರು.

“ನೀವ ಹೊಡೀರಿ ಮಾಮಾರ. ದೊಡ್ಡಾವ್ರು.”

“ಛೇ ಛೇ, ಗಾಡಿ ನಿಮ್ದು. ನಾ ಹೆಂಗ ಹೊಡೀಲ್ರಿ?”

“ನಿಮ್ಮ ಕೈಲಿಂದ ಆಗಲ್ರಿ.”

“ಅಳಿಯನ ಗಾಡಿಗೆ ಕೈ ಹಚ್ಚಿದೆ ಅಂದ್ರ ಮಂದಿ ಏನಂದಾರ್ರಿ?”

ಅಡುಗೆಮನೆಯ ಕಿಟಕಿಯಿಂದ ನಾನೂ ಅವ್ವನೂ ನೋಡುತ್ತಿದ್ದೆವು. ಹಾರೆ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಹೋಯಿತು. ನಡುವೆ ಒಮ್ಮೆ ಚಹಾ ಕುಡಿದರು. ಕೊನೆಗೆ ಗೌರೀಶ ಕಣ್ಣು ಮುಚ್ಚಿಕೊಂಡು ಒಂದು ಏಟು ಹಾಕಿದ, ಅದು ಟೈರಿಗೆ ಬಿತ್ತು. ಬಂಪರ್ ಮುರಿಯುವಷ್ಟರಲ್ಲಿ ಸಂಜೆಯಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕೊಟ್ಟ ಗಡುವು ಮುಗಿದಿತ್ತು.

ಮೂರನೆಯ ದಿನ ಮುಂಜಾನೆ ಹವಾಲ್ದಾರ ಜಕ್ಕಪ್ಪ ಹೇಳಿಕೆ ಬರೆದುಕೊಳ್ಳಲು ಬರುವವನಿದ್ದ. ಸಾವಿತ್ರೆವ್ವನಿಗೆ ಬಣ್ಣ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಣ್ಣುಮಕ್ಕಳ ಮಾತು ಹೆಣ್ಣುಮಕ್ಕಳೇ ಆಡಬೇಕು ಎಂದ ಅಪ್ಪ. ಹಾರೆ ಎತ್ತಲು ಆಗದವರಿಗೆ ಇದಕ್ಕೂ ಧೈರ್ಯ ಇರಲಿಲ್ಲ. ಹೋಗಿ ಹೇಳಿದೆ. ಅವಳ ಕೈ ಮೊಣಕೈವರೆಗೆ ಬಾತು ಬೆರಳುಗಳು ಕಪ್ಪಗಾಗಿದ್ದವು.

“ಕೆಂಪ ಅನಬೇಕೇನು? ಆತು ಬಿಡ ಯವ್ವಾ, ಕೆಂಪ ಅಂತೇನಿ,” ಎಂದಳು ಸಾವಿತ್ರೆವ್ವ. “ಮಿರಜಿಗೆ ಇವತ್ತ ಹೋಗೂದೇನು?”

ಹೊರಗೆ ಬಂದು ಗೌರೀಶನನ್ನು ಕೇಳಿದೆ. “ಕಂಪನಿ ರೊಕ್ಕ ಯಾವಾಗ ಕೊಡತೈತ್ರಿ?”

“ಕೇಸ್ ಹಾಕಬೇಕು, ತಾರೀಖು ಬೀಳಬೇಕು. ಎರಡ ವರ್ಷ, ಮೂರ ವರ್ಷ.”

“ಮತ್ತ ಆಪರೇಶನ್ನು?”

“ಅದು ಅವ್ರ ಮನಿಯವ್ರ ನೋಡ್ಕೋಬೇಕು. ಬಿಲ್ಲು ಇಟ್ಕೊಂಡ್ರ ಆಮ್ಯಾಲೆ ಕೇಳಾಕ ಬರತೈತಿ.”

ಇದನ್ನು ಅವನು ಹಲ್ಲುಕಡ್ಡಿ ಆಡಿಸುತ್ತ ಹೇಳಿದ. ಮೊದಲ ದಿನದಿಂದಲೂ ಅವನಿಗೆ ಇದು ಗೊತ್ತಿತ್ತು. ಹದಿನಾಲ್ಕು ವರ್ಷದ ಏಜೆಂಟನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಕೆಂಪು ಕಾರಿನ ಇಡೀ ನಾಟಕದಲ್ಲಿ ಅವಳ ಕೈಗೆ ಒಂದು ಕಾಸಿನ ಉಪಯೋಗವಿರಲಿಲ್ಲ. ಇದ್ದದ್ದು ಅಪ್ಪನ ಜೇಬಿನ ಉಪಯೋಗ, ಅಳಿಯನ ಮುಖ ಉಳಿಸುವ ಉಪಯೋಗ. ಇಂಥವನಿಗೆ ದಿನಾ ಬಿಸಿ ರೊಟ್ಟಿ ಬಡಿದು ಹಾಕಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಜಕ್ಕಪ್ಪ ಬಂದು ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದ. “ಗಾಡಿ ಯಾವ ಬಣ್ಣದ್ದಬೇ?” ಎಂದು ಸಾವಿತ್ರೆವ್ವನನ್ನು ಕೇಳಿದ. ಅವಳು ನನ್ನನ್ನು ನೋಡಿದಳು.

“ಬಿಳಿ,” ಎಂದೆ ನಾನು. “ಅಪ್ಪಂದು. ನಾನ ನಡಸ್ತಿದ್ನಿ. ಅದಕ್ಕ ಇನ್ಶೂರೆನ್ಸ್ ಇಲ್ಲ. ಒಯ್ದು ಮುಧೋಳದಾಗ ಮನಿ ಮುಂದ ನಿಲ್ಲಿಸ್ಯಾರ, ಹೋಗಿ ನೋಡ್ರಿ.”

ಬಾಗಿಲಲ್ಲಿ ನಿಂತಿದ್ದ ಅಪ್ಪ ಕೂತೇಬಿಟ್ಟ. ಈ ಸಲ ಯಾರೂ ಯಾರಿಗೂ ಕೂರಿ ಎನ್ನಲಿಲ್ಲ.

ಅಂದೇ ಕೈಯೊಳಗಿನ ನಾಲ್ಕು ಬಂಗಾರದ ಪಾಟಲಿ ಬಳೆ ಬಿಚ್ಚಿ ಅಡವಿಟ್ಟು ಸಾವಿತ್ರೆವ್ವನನ್ನು ಮಿರಜಿಗೆ ಕರೆದೊಯ್ದೆ. ಆಪರೇಶನ್ ಆಯಿತು. ಎಲುಬು ಕೂಡುತ್ತದೆ, ಬೆರಳುಗಳ ಮಾತು ಹೇಳಲಾಗದು, ತಡವಾಗಿದೆ ಎಂದರು ಅಲ್ಲಿನ ಡಾಕ್ಟರು.

ಮುಂದಿನದು ಎಲ್ಲರಿಗೂ ಗೊತ್ತಿರುವಂಥದ್ದೇ. ಬಿಳಿ ಕಾರು ಠಾಣೆಯ ಅಂಗಳದಲ್ಲಿ ಧೂಳು ತಿನ್ನುತ್ತಿದೆ. ನನ್ನ ಮೇಲೆ ಒಂದು ಕೇಸು, ಅಪ್ಪನ ಮೇಲೆ ಒಂದು. ಪರಿಹಾರದ ಅರ್ಜಿ ಜಮಖಂಡಿ ಕೋರ್ಟಿನಲ್ಲಿದೆ, ಅದರ ಸಲುವಾಗಿ ಕಾಲುವೆ ಪಕ್ಕದ ಎರಡು ಎಕರೆ ಮಾರಬೇಕಾಗುತ್ತದೆ ಎಂದು ಅಪ್ಪ ಊರ ತುಂಬ ಹೇಳಿಕೊಂಡು ತಿರುಗುತ್ತಾನೆ. ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಅಳಿಯನ ಹತ್ತಿರ ಬಿಟ್ಟಿಲ್ಲ. ಗಂಡನ ಮನೆಯ ಮರ್ಯಾದೆಯನ್ನು ಮಗಳು ಬೀದಿಗೆ ತಂದಳು ಎಂದು ಇಬ್ಬರೂ ಸೇರಿ ನೊಂದುಕೊಳ್ಳುತ್ತಾರೆ. ಅವರ ಒಗ್ಗಟ್ಟಿಗೆ ನನ್ನ ಧಿಕ್ಕಾರ.

ಜೂನಿನಲ್ಲಿ ಬನಹಟ್ಟಿಗೆ ಹೋಗಿದ್ದೆ. ಸಾವಿತ್ರೆವ್ವ ಹೊಸ್ತಿಲ ಮೇಲೆ ಕೂತಿದ್ದಳು. ಸುತ್ತುವ ರಾಟೆಯನ್ನು ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟಿದ್ದಳು. ಬಲಗೈ ಮಡಿಲಲ್ಲಿತ್ತು, ಬೆರಳುಗಳು ಚಾಚಿದಂತೆಯೇ ಇದ್ದವು. ನಾನು ಅವಳ ಪಕ್ಕ ಕೂತು ಅಪ್ಪನಿಗೂ ಗಂಡನಿಗೂ ಮನಸಾರೆ ಬಯ್ದೆ. ಲಕೋಟೆ, ಮೊಬೈಲು, ಹಾರೆ, ಒಂದೂ ಬಿಡಲಿಲ್ಲ. ಇಂಥ ನಾಲಾಯಕರ ಕೈಗೆ ನೀವು ಸಿಕ್ಕಿರಲ್ಲ ಎಂದೆ. ಅವಳೂ ನಾಲ್ಕು ಮಾತು ಸೇರಿಸಿ ಬಯ್ಯುತ್ತಾಳೆ ಎಂದು ಕಾದೆ.

ಸಾವಿತ್ರೆವ್ವ ಬಯ್ಯಲಿಲ್ಲ. ಓಣಿಯ ಕಡೆ ನೋಡುತ್ತ ಹೇಳಿದಳು.

“ನಿಮ್ಮಪ್ಪ ಈ ಕೈ ಒಮ್ಮೆನೂ ನೋಡಲಿಲ್ಲ. ನಿನ್ನ ಗಂಡನೂ ನೋಡಲಿಲ್ಲ. ನೀ ಎರಡೂ ದಿನ ಬಂದು ನೋಡಿ ಹಂಗ ಹೋದಿಯಲ್ಲ ಯವ್ವಾ.”

ಒಳಗಿನಿಂದ ಕಾಮಣ್ಣ ಚಹಾ ತಂದಿಟ್ಟ. ನನಗೆ ಕುಡಿಯಲು ಆಗಲಿಲ್ಲ.