ಪೂಜೆಗಿಟ್ಟ ಹೆಲ್ಮೆಟ್

ಮುಂಬೈ ಪಕ್ಕದ ಠಾಣೆ ಜಿಲ್ಲೆಯ ಅಪಘಾತಗಳ ಲೆಕ್ಕ ಲೋಲಾಕ್ಷಿಗೆ ನಾಲಿಗೆಯ ತುದಿಯಲ್ಲಿತ್ತು. ಎಂಟು ವರ್ಷದಿಂದ ಅವಳ ನೌಕರಿಯೇ ಅದು: ಬಂದ ಫಾರ್ಮು ನೋಡಿ ಜಾಗ, ಗಾಡಿ, ವಯಸ್ಸು, ಹೆಲ್ಮೆಟ್ ಇತ್ತೇ ಇಲ್ಲವೇ ಎಂದು ಕಂಪ್ಯೂಟರಿಗೆ ತುಂಬುವುದು. ಇಪ್ಪತ್ತೊಂದರ ಮಗಳು ಸಂಜನಾ ಸ್ಕೂಟರಿನ ಚಾವಿ ಮುಟ್ಟಿದರೆ ಸಾಕು, ಮನೆಯಲ್ಲಿ ಆ ಲೆಕ್ಕದ ಪಾರಾಯಣ ಶುರು. ದೀಪದ ಬುಡ ಕತ್ತಲು ಅನ್ನುತ್ತಾರಲ್ಲ, ಅದು ಅವಳಿಗೆ ಗೊತ್ತಾದದ್ದು ಆಯುಧಪೂಜೆಯ ದಿನ.

ವಾಗ್ಳೆ ಎಸ್ಟೇಟಿನ ಮನೆಯಲ್ಲಿ ಬೆಳಿಗ್ಗೆ ಗಂಡನ ಹೋಟೆಲಿನ ಸೌಟು, ಮೆಟ್ಟುಕತ್ತಿ, ಮಗಳ ಲ್ಯಾಪ್‌ಟಾಪ್ ಜೊತೆಗೆ ಹೆಲ್ಮೆಟನ್ನೂ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದ್ದಳು. ಸ್ಕೂಟರು ಮಣೆಗೆ ಹಿಡಿಸುವುದಿಲ್ಲವಲ್ಲ, ಅದಕ್ಕೆ ಕೆಳಗೆಯೇ ಹೂಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಮುಗಿಸಿದ್ದಾಯಿತು.

ಕಲ್ಯಾಣದಲ್ಲಿರುವ ಅತ್ತೆಗೆ ಪ್ರಸಾದ ಕೊಟ್ಟು ಬರಲು ಹೊರಟ ಸಂಜನಾ ಮಣೆಯತ್ತ ಕೈ ಚಾಚಿದಳು. ಲ್ಯಾಪ್‌ಟಾಪಿಗೇ ಇರಬೇಕೆಂದುಕೊಂಡ ಲೋಲಾಕ್ಷಿ ಒಗ್ಗರಣೆಯ ಗಡಿಬಿಡಿಯಲ್ಲಿ ಸರಿಯಾಗಿ ನೋಡದೆಯೇ ಅಂದಳು, "ಪೂಜೆಗಿಟ್ಟದ್ದನ್ನು ನಾಳೆ ಆರತಿ ಆಗುವವರೆಗೆ ಮುಟ್ಟಲಿಕ್ಕಿಲ್ಲ ಮಾರಾಯ್ತಿ."

ಹತ್ತು ನಿಮಿಷದ ಮೇಲೆ ದೀಪಕ್ಕೆ ಎಣ್ಣೆ ಹಾಕಲು ಬಂದರೆ ಹೆಲ್ಮೆಟ್ ಅಲ್ಲೇ ಇತ್ತು. ಮಗಳು ಹೊರಟುಹೋಗಿದ್ದಳು. ಫೋನು ಮಾಡಿದರೆ ಅದು ಹೊಡೆದುಕೊಂಡೇ ಇತ್ತು, ಅವಳು ಎತ್ತಲಿಲ್ಲ. ದೇವರು ಸಿಟ್ಟಾದರೆ ಆಗಲಿ ಎಂದು ಹೆಲ್ಮೆಟನ್ನು ಬಾಚಿಕೊಂಡು ಕೆಳಗೋಡಿ ರಿಕ್ಷಾ ಹತ್ತಿದಳು.

ಕಲ್ಯಾಣದ ದಾರಿಯ ಮಾಜಿವಾಡಾದಲ್ಲಿ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ರಿಕ್ಷಾದವನು ಮುಂದಿನವನನ್ನು ವಿಚಾರಿಸಿ, "ಟ್ರಕ್ ನೇ ಸ್ಕೂಟರ್ ಕೋ ಮಾರಾ. ಲಡ್ಕೀ ಥೀ," ಎಂದ. ಟ್ರಕ್ಕು ಸ್ಕೂಟರಿಗೆ ಬಡಿದಿತ್ತು, ಸ್ಕೂಟರಿನಲ್ಲಿದ್ದದ್ದು ಹುಡುಗಿ.

ಲೋಲಾಕ್ಷಿ ಇಳಿದು ಓಡಿದಳು. ಬಿದ್ದ ಸ್ಕೂಟರಿನ ಮೇಲೆ ಗೊಂಡೆಹೂವಿನ ಮಾಲೆ ಕಂಡಿತು, ಆದರೆ ಆ ದಿನ ಯಾವ ಗಾಡಿಗೆ ಮಾಲೆ ಇರಲಿಲ್ಲ? ಬೇಡಬೇಡವೆಂದರೂ ತಲೆಯೊಳಗೆ ಫಾರ್ಮು ತುಂಬುತ್ತಲೇ ಇತ್ತು. ಜಾಗ, ಮಾಜಿವಾಡಾ. ವಯಸ್ಸು, ಇಪ್ಪತ್ತೊಂದು. ಹೆಲ್ಮೆಟ್, ಇಲ್ಲ.

ಸ್ಕೂಟರು ಕೆಂಪಗಿತ್ತು. ಅವರದು ನೀಲಿ.

"ನಮ್ಮದಲ್ಲ, ದೇವರೇ, ನಮ್ಮದಲ್ಲ." ಅವಳು ಜೋರಾಗಿಯೇ ಅಂದಳು. ಸುತ್ತ ನಿಂತವರು ತಿರುಗಿ ನೋಡಿದರು.

ಸಂಜನಾ ಡಿವೈಡರಿನ ಮೇಲೆ ಪ್ರಸಾದದ ಡಬ್ಬಿ ಅವುಚಿಕೊಂಡು ಕೂತಿದ್ದಳು. "ಆ ಹುಡುಗಿ ನನ್ನ ಮುಂದೆಯೇ ಹೋಗ್ತಿದ್ದಳು ಮಮ್ಮಿ," ಎಂದಳು. ಲೋಲಾಕ್ಷಿ ಹೆಲ್ಮೆಟನ್ನು ಅವಳ ತಲೆಗೆ ತೊಡಿಸಿದಳು. ಪಟ್ಟಿ ಸಿಕ್ಕಿಸಲು ಮೂರು ಸಲ ಬೇಕಾಯಿತು.

"ನೀನೇ ಅಲ್ವಾ ಮುಟ್ಟಬೇಡ ಅಂದದ್ದು?"

"ಹೌದು, ನಾನೇ," ಎಂದಳು ಲೋಲಾಕ್ಷಿ.

ದಸರೆ ಕಳೆದು ಕಚೇರಿಗೆ ಹೋದಾಗ ಆ ಫಾರ್ಮು ಮೇಜಿನ ಮೇಲಿತ್ತು. ಮಾಜಿವಾಡಾ, ಸ್ಕೂಟರು, ಹೆಣ್ಣು, ಇಪ್ಪತ್ತೆರಡು. ಹೆಲ್ಮೆಟ್, ಇಲ್ಲ. ಯಾಕೆ ಇರಲಿಲ್ಲ, ಮನೆಯಲ್ಲಿ ಯಾರು ಏನಂದಿದ್ದರು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಎಂಟು ವರ್ಷದಲ್ಲಿ ಅವಳು ಅಂಥ ಜಾಗ ಹುಡುಕಿದ್ದು ಅದೇ ಮೊದಲು.